ತಲೆಗೊಂದು ಮಾತ್ರೆ

೧
ಎಲ್ಲಿಂದ ಶುರು ಮಾಡಲಿ? ಬೈಗುಳದಿಂದಲೇ ಮಾಡುತ್ತೇನೆ, ಹೇಗೂ ಎಲ್ಲರ ಕಿವಿಗೂ ಬಿದ್ದಾಗಿದೆ.

"ಎತ್ತ ತಾಯಿಗೆ ಸುಣ್ಣದುಂಡೇನ ಮಾತ್ರೆ ಅಂತ ಕೊಟ್ಟು ಕಳಿಸ್ದ ಬೇವಾರ್ಸಿ ಇವ್ನೇ ಕಣ್ರಪ್ಪ. ಅದ್ನ ನಂಬ್ಕಂಡು ವಾಪಸ್ ಬರೋ ದಾರೀಲಿ ಸಮುದ್ರದ ಪಾಲಾದ್ಲು."

ಅಂದವರು ಅಫ್ಸರ್ ಪಾಷಾ. ಹಜ್ ಮುಗಿಸಿ ಮದ್ದೂರು ಸ್ಟೇಷನ್ನಿನಲ್ಲಿ ಈಗಷ್ಟೇ ಇಳಿದವರು. ಅನ್ನಿಸಿಕೊಂಡವನು ಸೈಕಲ್ ರಿಪೇರಿ ಖಾಸಿಂ. ಪಾಷಾ ಹೋದ ಹಡಗಿನಲ್ಲೇ ಹಜ್‌ಗೆ ಹೋಗಿದ್ದ ತಾಯಿ ಜೈನಾಬ್ ಬೀಗೆ ಎಂದು ಅವನೂ ಒಂದು ಹಾರ ತಂದಿದ್ದ. ತಾಯಿ ಇಲ್ಲವೆಂದು ಅವನಿಗೆ ತಿಳಿದದ್ದು ಹೀಗೆ.

(ಉರ್ದುವಿನಲ್ಲಿ ಬೈದಿದ್ದರೆ ಮನೆಯೊಳಗಿನ ಮಾತಾಗುತ್ತಿತ್ತು. ಕನ್ನಡದಲ್ಲಿ ಬೈದರು, ಇಡೀ ಪ್ಲಾಟ್‌ಫಾರಂಗೆ ತಿಳಿಯಲಿ ಅಂತ.)

೨
ಈ ತುಂಡನ್ನು ಹಡಗಿನಲ್ಲೇ ನಡೆಯುವಂತೆ ಬರೆದಿದ್ದೆ. ಹರಿದು ಹಾಕಿದೆ. ನಾನು ಕಂಡ ದೊಡ್ಡ ನೀರೆಂದರೆ ಶಿಂಷಾ ಹೊಳೆ. ಅದರಲ್ಲಿ ಹಡಗು ಬಿಟ್ಟರೆ ಮದ್ದೂರಿನವರು ನಗುತ್ತಾರೆ.

ಗೊತ್ತಿರುವುದಿಷ್ಟು. ೧೯೪೬ರಲ್ಲಿ ಸಲ್ಫಾ ಮಾತ್ರೆ ಇನ್ನೂ ಹೊಸದು. ಮಂಡ್ಯದ ಡಾಕ್ಟರು ಪೊಟ್ಟಣ ಕೊಟ್ಟು ಹೇಳಿದ್ದರು: "ವಯಸ್ಸಾದ ಜೀವ, ಹಡಗಿನ ನೀರು. ರಕ್ತಭೇದಿ ಹತ್ತಿದರೆ ಒಬ್ಬರೇ ಪೂರ್ತಿ ನುಂಗಬೇಕು. ನಡುವೆ ಬಿಡಬಾರದು." ಖಾಸಿಂ ಅದನ್ನೇ ತಾಯಿಗೆ ಬಾಯಿಪಾಠ ಮಾಡಿಸಿದ್ದ.

೨, ಮತ್ತೆ
"ಸುಣ್ಣ ಅಂತ ನಿಮಗೆಂಗ್ ಗೊತ್ತು ಚಾಚಾ?" ಅಂದ ಖಾಸಿಂ.

"ನಾನೂ ತಿಂದೆ ಕಣ್ಲಾ. ನಮ್ ಸಾಲಲ್ಲಿ ಭೇದಿ ಅತ್ತಿ ಮಲಗಿದ್ದೋರ್ಗೆಲ್ಲ ಕೊಟ್ಲು, ಫಾತಿಹಾ ಓದಿ ಸಕ್ರೆ ಅಂಚ್ದಂಗೆ, ತಲೆಗೊಂದು. ಪಕ್ಕದೋರು ನೋಡ್ತಾ ಇರುವಾಗ ಒಬ್ಳೇ ಎಂಗ್ ತಿನ್ಲಿ ಅಂದ್ಲು. ಒಬ್ರಿಗೂ ನಿಲ್ನಿಲ್ಲ. ನನ್ ಆಯಸ್ಸು ಗಟ್ಟಿ, ಉಳ್ಕಂಡೆ."

ಖಾಸಿಂನ ಕೈಯಿಂದ ಹಾರ ಜಾರಲಿಲ್ಲ. (ಸಿನಿಮಾದಲ್ಲಾದರೆ ಜಾರುತ್ತದೆ.) ಬೆರಳುಗಳು ಹೂವಿನೊಳಗೆ ಹೊಕ್ಕು ದಾರವನ್ನು ಹಿಡಿದುಕೊಂಡವು. ಸುಣ್ಣವಲ್ಲ. ಒಂದು ಜೀವಕ್ಕೆ ಅಳೆದ ಮದ್ದನ್ನು ಒಂದು ಸಾಲು ತಿಂದಿತ್ತು. ಯಾರ ಹೊಟ್ಟೆಗೂ ಅದು ಮದ್ದಾಗಲಿಲ್ಲ.

೩
ಮುಕ್ತಾಯ: "ನಮ್ಮಮ್ಮನ ಪಾಲು ತಿಂದೋರು ನೀವು" ಅನ್ನುತ್ತಾನೆ ಖಾಸಿಂ. ಅಫ್ಸರ್ ಪಾಷಾ ತಲೆ ತಗ್ಗಿಸುತ್ತಾರೆ. ಓದುಗರೇ, ಇದು ನಿಮಗೂ ಇಷ್ಟ, ನನಗೂ ಇಷ್ಟ.

ಖಾಸಿಂ ಒಪ್ಪಲಿಲ್ಲ. "ಅಳಿಸಾಕು ಅದ್ನ. ಅಮ್ಮ ಕೈಯಾರೆ ಕೊಟ್ಟಿದ್ನ ನಾನು ಅವರ ಬಾಯಿಂದ ಕಕ್ಕುಸ್ಲಾ?"

"ಹಾಗಾದರೆ ಕೆನ್ನೆಗೆ ಬಾರಿಸು. ಸಿಟ್ಟಿಲ್ಲವಾ ನಿನಗೆ?" ಅಂದೆ ನಾನು.

"ಐತೆ. ನಿನ್ ಕತೆಗ್ಯಾಕ್ ಕೊಡ್ಲಿ?"

"ನೀನು ಸುಮ್ಮನಿದ್ದರೆ ಊರು ನಿನ್ನನ್ನು ತಾಯಿ ಕೊಂದವನು ಅನ್ನುತ್ತೆ. ನಾನೂ ಹಾಗೇ ಬರೆದು ನಿಲ್ಲಿಸಬೇಕಾಗುತ್ತೆ. ಆಗಬಹುದಾ?"

ಅಫ್ಸರ್ ಪಾಷಾ, "ಬಾಯಿ ಬುಡ್ಲಾ" ಅಂದರು. ನಾನೂ ಪೆನ್ನು ಎತ್ತಿಕೊಂಡು ಕಾದೆ. ಇಡೀ ಪ್ಲಾಟ್‌ಫಾರಂ ಕಾದು ನಿಂತಿತು.

ಆ ಹಾರವನ್ನು ಅವನಿಂದ ಅಫ್ಸರ್ ಪಾಷಾರ ಕೊರಳಿಗೆ ಹಾಕಿಸಲು ನೋಡಿದೆ. ಅರ್ಧ ವಾಕ್ಯ ಬರೆದೂ ಆಗಿತ್ತು. ಖಾಸಿಂ ಅವರನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಹಾರ ಹಿಡಿದುಕೊಂಡೇ ಗೇಟು ದಾಟಿ ನಡೆದುಬಿಟ್ಟ. ಬರೆಯಲು ಅವನೇ ಇಲ್ಲದ ಮೇಲೆ ನಾನು—