ಕುದಿನೀರಿನ ದಾರಿ

"ಇವನಿಗೆ ಓದೋಕೆ ಬರಲ್ಲ ಕಣ್ರಪ್ಪಾ. ಕೈಗೆ ಪುಸ್ತಕ ಕೊಟ್ಟರೆ ಅದರ ಮೇಲೆ ಟೀ ಲೋಟ ಇಡ್ತಾನೆ. ಇಂಥವನಿಗೆ ಬಿಸಿನೀರಿನ ಸಿಲಿಂಡರ್ ಕೂರಿಸೋ ಕೆಲಸ ಒಪ್ಪಿಸಿದೆನಲ್ಲ, ನನಗೆ ಹೊಡೀಬೇಕು."

ಟೆರಿ ಲೋಮ್ಯಾಕ್ಸ್ ಇದನ್ನು ಹೇಳಿದ್ದು ಓಲ್ಡಮ್‌ನ ಪ್ಲಂಬಿಂಗ್ ಸಾಮಾನಿನ ಅಂಗಡಿಯ ಕೌಂಟರಿನಲ್ಲಿ. ಬೆಳಗಿನ ಹೊತ್ತು. ಊರಿನ ಅರ್ಧ ಪ್ಲಂಬರುಗಳು ಬೇಕನ್ ಬನ್ ಕಚ್ಚುತ್ತಾ ಸಾಲಿನಲ್ಲಿ ನಿಂತಿದ್ದರು. ಎಲ್ಲರೂ ನಕ್ಕರು. ಕೌಂಟರಿನ ಹಿಂದಿದ್ದವನು, ಬೇಕಾದರೆ ಚಿತ್ರದ ಪುಸ್ತಕ ತರಿಸಿಕೊಡ್ತೀನಿ ಎಂದ. ಅದಕ್ಕೂ ನಕ್ಕರು.

ಟೆರಿಯ ಅಕ್ಕನ ಮಗ ನೇಥನ್ ಹೆಗಲ ಮೇಲೆ ತಾಮ್ರದ ಪೈಪು ಹೊತ್ತು ಬಾಗಿಲ ಹತ್ತಿರ ನಿಂತಿದ್ದ. ಕಿವಿ ಕೆಂಪಗಾಗಿತ್ತು. ಹೆಗಲ ಮೇಲಿನ ಪೈಪನ್ನು ಒಂದು ಸಲ ಬೀಸಿ ತಿರುಗಿಸಿದರೆ ನಾಲ್ಕು ಜನರ ಹಲ್ಲು ಉದುರುತ್ತವೆ ಎಂದು ಲೆಕ್ಕ ಹಾಕಿದ. ತಿರುಗಿಸಲಿಲ್ಲ. ನಗುತ್ತಿದ್ದವರಲ್ಲಿ ಮುಕ್ಕಾಲು ಪಾಲು ಜನ ಟೆರಿ ಮಾಡಿದ್ದನ್ನೇ ಮಾಡುವವರು. ಕೆಲಸದ ಹುಡುಗರು ಮೇಲೆ ದುಡಿಯುತ್ತಿದ್ದರೆ ಇವರು ಅಡುಗೆಮನೆಯಲ್ಲಿ ಕೂತು ಟೀ ಕುಡಿದು, ನೋಡಿದ್ದೇನೆ, ಎಲ್ಲಾ ಸರಿಯಿದೆ ಎಂದು ತಮ್ಮ ಪರವಾನಗಿ ಕಾರ್ಡಿನ ಮೇಲೆ ದಾಖಲು ಮಾಡಿಸುತ್ತಾರೆ. ಇದು ನಡೆದುಕೊಂಡು ಬಂದ ರೂಢಿ. ಅದು ಅವರಿಗೂ ಗೊತ್ತು, ಇವನಿಗೂ ಗೊತ್ತು.

ಹಿಂದಿನ ದಿನ ಆದದ್ದಿಷ್ಟು. ಶಾಲೆಯೊಂದರಲ್ಲಿ ಅಡುಗೆ ಮಾಡುವ ಪಾಲಿನ್ ಡಕ್‌ವರ್ತ್‌ಳ ಮನೆಯಲ್ಲಿ ನೇಥನ್ ಚಳಿಗಾಲದ ಶುರುವಿನಲ್ಲಿ ಹಳೇ ಬಾಯ್ಲರ್ ಕಿತ್ತು ಹೊಸದು ಹಾಕಿದ್ದ. ಅಟ್ಟದ ತೊಟ್ಟಿಯಿಂದ ನೀರಿಳಿಯುತ್ತಿದ್ದ ಹಳೇ ಸಿಲಿಂಡರನ್ನೂ ತೆಗೆದು, ನೇರ ನಲ್ಲಿಯ ಒತ್ತಡದಲ್ಲೇ ತುಂಬುವ ಹೊಸ ಸಿಲಿಂಡರನ್ನು ಮಹಡಿಯ ಕಪಾಟಿನಲ್ಲಿ ನಿಲ್ಲಿಸಿದ್ದ. ಇಂಥದ್ದು ಕೆಟ್ಟರೆ ಒಳಗಿನ ಕುದಿನೀರಿಗೆ ಹೊರಗೆ ಹೋಗಲು ದಾರಿ ಬೇಕು. ಆ ದಾರಿ ಕುದಿತ ತಡೆಯುವ ಪೈಪಿನದಾಗಿರಬೇಕು, ಉದ್ದಕ್ಕೂ ಇಳಿಜಾರಾಗಿ ಬಂದು ಹಿತ್ತಲಿನ ಮೋರಿಯ ಬಾಯಲ್ಲಿ ಮುಗಿಯಬೇಕು. ಕಟ್ಟಡ ನಿಯಮ ಹೇಳುವುದು ಇದನ್ನೇ.

ನೇಥನ್ ಅಲ್ಲಿ ಬಿಳಿ ಪ್ಲಾಸ್ಟಿಕ್ ಪೈಪು ಹಾಕಿದ್ದ. ಹಳೇ ತೊಟ್ಟಿಗಳು ತುಂಬಿ ತುಳುಕಿದರೆ ತಣ್ಣೀರು ಹೊರಗೆ ಸುರಿಯಲು ಅವನ ಕಸುಬಿನವರು ತಲೆತಲಾಂತರದಿಂದ ಹಾಕುತ್ತಿದ್ದ ಪೈಪು ಅದು. ಇದೂ ಅಂಥದ್ದೇ ಒಂದು ಅಂದುಕೊಂಡ. ಅವತ್ತು ತಾಮ್ರದ ಪೈಪು ಸಾಲದೆ ಬಂದಾಗ ಮಾವನಿಗೆ ಫೋನ್ ಮಾಡಿದ್ದ. ವ್ಯಾನಿನಲ್ಲಿ ಏನಿದೆಯೋ ಅದನ್ನೇ ಹಾಕಿ ಮುಗಿಸು, ಕತ್ತಲಾಗ್ತಿದೆ ಎಂದಿದ್ದ ಮಾವ. ಸಂಜೆ ಬಂದ, ಪಾಲಿನ್ ಜೊತೆ ಹರಟಿದ, ಸರಿಯಿದೆ ಎಂದು ದಾಖಲು ಮಾಡಿಸಿದ. ಮೇಲೆ ಹತ್ತಲಿಲ್ಲ, ಹಿತ್ತಲಿಗೂ ಇಳಿಯಲಿಲ್ಲ.

ನೋಂದಾಯಿತ ಕೆಲಸಗಾರರು ವರ್ಷದಲ್ಲಿ ಮಾಡಿದ ಕೆಲಸಗಳಲ್ಲಿ ಒಂದನ್ನು ಕಾರ್ಡು ಕೊಡುವ ಸಂಸ್ಥೆಯವರು ಆರಿಸಿ ತಪಾಸಣೆ ಮಾಡುತ್ತಾರೆ. ಈ ಸಲ ಆರಿಸಿದ್ದು ಪಾಲಿನ್‌ಳ ಮನೆ. ಇನ್ಸ್‌ಪೆಕ್ಟರ್ ಪ್ರೋಬರ್ಟ್ ಹಿಂದಿನ ದಿನ ಬಂದು, ಮಹಡಿಯಲ್ಲಿ ನಿಂತು, ಕುದಿನೀರು ಹೊರಬಿಡುವ ವಾಲ್ವ್ ತಿರುಗಿಸಿದ. ಹಿತ್ತಲಿನಲ್ಲಿ ಒಣಗಲು ಹಾಕಿದ ಬಟ್ಟೆಗೆ ಸಿಡಿಯದಿರಲಿ ಎಂದು ಪಾಲಿನ್ ಪೈಪಿನ ಬಾಯಿಯ ಕೆಳಗೆ ಬಕೆಟ್ ಹಿಡಿದಳು. ಬಿಳಿ ಪೈಪು ಬೆಂದ ಶಾವಿಗೆಯ ಹಾಗೆ ಬಾಗಿತು, ಸಂದು ಬಿಟ್ಟಿತು, ಸುಡುನೀರು ಅವಳ ಮಣಿಕಟ್ಟಿನ ಮೇಲೆ ಬಿತ್ತು.

ಅಂಗಡಿಯಿಂದ ನೇಥನ್ ನೇರ ಪಾಲಿನ್ ಮನೆಗೇ ಹೋದ. ಪಾಲಿನ್ ಬಾಗಿಲು ತೆರೆದಳು. ಮಣಿಕಟ್ಟಿಗೆ ಬಿಳಿ ಪಟ್ಟಿ ಸುತ್ತಿತ್ತು. ಇವನು ಅದನ್ನೇ ನೋಡುತ್ತಾ ನಿಂತದ್ದು ಕಂಡು, ಶಾಲೆ ಅಡುಗೆಮನೆಯಲ್ಲಿ ಇದಕ್ಕಿಂತ ದೊಡ್ಡ ಬೊಬ್ಬೆ ಎದ್ದಿವೆ ಮಗಾ, ಒಳಗೆ ಬಾ, ಚಳಿ ಬರುತ್ತೆ ಎಂದಳು.

ಮಧ್ಯಾಹ್ನದವರೆಗೆ ಒಂದೇ ಉಸಿರಿಗೆ ದುಡಿದ. ಪ್ಲಾಸ್ಟಿಕ್ಕನ್ನು ಕಿತ್ತು ಅಂಗಳಕ್ಕೆ ಎಸೆದ. ಗೋಡೆಯ ತೂತು ದೊಡ್ಡದು ಮಾಡಿದ. ತಾಮ್ರ ಕತ್ತರಿಸಿ, ತುದಿ ಉಜ್ಜಿ ಹೊಳಪು ಬರಿಸಿ, ಒಂದೊಂದು ಸಂದಿಗೂ ಬೆಸುಗೆ ಹಾಕಿದ. ಸಿಟ್ಟು ಬೆಸುಗೆಯ ಬೆಂಕಿಯ ಹಾಗೆ ಭುಸುಗುಡುತ್ತಿತ್ತು. ಮಾವನ ಮೇಲೆ ಸಿಟ್ಟು, ನಕ್ಕವರ ಮೇಲೆ ಸಿಟ್ಟು. ಸಿಲಿಂಡರಿನ ಪಕ್ಕದಲ್ಲಿ ಅದರ ಕೈಪಿಡಿ ಇನ್ನೂ ಪ್ಲಾಸ್ಟಿಕ್ ಚೀಲದಿಂದ ಹೊರಬರದೆ ತೂಗುತ್ತಿತ್ತು. ಹರಿದು ತೆರೆದ. ನಾಲ್ಕನೇ ಪುಟದಲ್ಲಿ ಚಿತ್ರವೇ ಇತ್ತು, ಪೈಪು, ಇಳಿಜಾರು, ಮೋರಿ. ಕೆಳಗಿನ ಸಾಲನ್ನು ತುಟಿ ಅಲ್ಲಾಡಿಸುತ್ತಾ ಓದಿದ. ನಿಧಾನವಾಗಿ, ಆದರೆ ಓದಿದ. ಅವತ್ತು ತೆರೆದಿದ್ದರೆ ಅವತ್ತೂ ಓದಬಹುದಿತ್ತು. ಪುಸ್ತಕ ಕಂಡರೆ ಶಾಲೆಯ ಹಿಂದಿನ ಬೆಂಚು ನೆನಪಾಗುತ್ತದೆ, ಅದಕ್ಕೇ ತೆರೆಯಲಿಲ್ಲ. ಮಾವ ಹೇಳಿದ್ದರಲ್ಲಿ ಅರ್ಧ ನಿಜ. ಚುಚ್ಚಿದ್ದು ಆ ಅರ್ಧವೇ.

ಟೀ ಕೊಡುತ್ತಾ ಪಾಲಿನ್ ಮೆಲ್ಲಗೆ ಹೇಳಿದಳು, "ಅವತ್ತು ನಿನ್ನ ಫೋನ್ ಸ್ಪೀಕರಲ್ಲಿತ್ತು. ವ್ಯಾನಲ್ಲಿರೋದು ಹಾಕು ಅಂದಿದ್ದು ನಾನೂ ಕೇಳಿಸ್ಕೊಂಡೆ. ಆ ಇನ್ಸ್‌ಪೆಕ್ಟರ್ ಹತ್ರ ಹೇಳ್ತೀನಿ ನಾನು."

ಬೇಡ ಎಂದ ನೇಥನ್. ಯಾಕೆ ಎಂದಳು.  ಮಾವನ ಕಾರ್ಡು ಹೋದರೆ ಅವನ ಹೊಟ್ಟೆಪಾಡು ಹೋಗುತ್ತದೆ. ನನ್ನ ಕೈಕೆಳಗೆ ಕಲಿತಿದ್ದಾನೆ, ಇವನಿಗೆ ಕೆಲಸ ಗೊತ್ತು ಎಂದು ಮಾವನೇ ಹೇಳಿದರೆ ಮಾತ್ರ ನೇಥನ್‌ಗೂ ಸ್ವಂತ ಕಾರ್ಡು. ಇನ್ನೊಂದು ವಿಷಯವನ್ನು ಅವನು ಯಾರ ಹತ್ತಿರವೂ ಆಡಿರಲಿಲ್ಲ. ಟೆರಿಯ ಮೊಣಕಾಲುಗಳು ಸವೆದುಹೋಗಿದ್ದವು. ವ್ಯಾನಿನಿಂದ ಇಳಿದರೆ ಬೀಗದ ಕೈ ಹುಡುಕುವ ನೆಪದಲ್ಲಿ ಬಾಗಿಲು ಹಿಡಿದು ನೋವು ನುಂಗುತ್ತಿದ್ದ. ಟೀ ಕುಡಿಯುವ ಆಸೆಗೆ ಅಡುಗೆಮನೆಯಲ್ಲಿ ಕೂರುತ್ತಿದ್ದವನಲ್ಲ ಅವನು. ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ.

ಮೂರು ಗಂಟೆಯ ಸುಮಾರಿಗೆ ಪ್ರೋಬರ್ಟ್ ಬಂದ, ಹಿಂದೆ ಟೆರಿ. ಪ್ರೋಬರ್ಟ್ ಮೇಲೆ ಹೋಗಿ ವಾಲ್ವ್ ತಿರುಗಿಸಿದ. ಸುಡುನೀರು ತಾಮ್ರದೊಳಗೆ ಗುಡುಗುಟ್ಟುತ್ತಾ ಇಳಿದು, ಹಬೆ ಕಾರುತ್ತಾ ಮೋರಿಗೆ ಬಿತ್ತು. ಒಂದು ಹನಿ ಆಚೀಚೆ ಸಿಡಿಯಲಿಲ್ಲ. ಕೆಳಗಿಳಿದು, ಟೆರಿ ಕೂತಿದ್ದ ಅಡುಗೆಮನೆಗೆ ಬಂದು, ಇದು ಸರಿಯಿದೆ ಎಂದ. ಆಮೇಲೆ ಟೆರಿಯ ಕಡೆ ತಿರುಗಿ, ಮೊದಲಿನದ್ದೂ ಸರಿಯಿದೆ ಅಂತಲೇ ನಿಮ್ಮ ಹೆಸರಲ್ಲಿ ದಾಖಲಾಗಿದೆಯಲ್ಲ ಎಂದು ಕೇಳಿದ.

"ನಾನು ಮೇಲೆ ಹೋಗಿ ನೋಡಿದಾಗ ತಾಮ್ರವೇ ಇತ್ತು," ಎಂದ ಟೆರಿ. "ಆಮೇಲೆ ಈ ಹುಡುಗ ಏನು ಮಾಡಿದನೋ ನನಗೆ ಗೊತ್ತಿಲ್ಲ."

ಪಾಲಿನ್ ಬಾಯಿ ತೆರೆದಳು. ನೇಥನ್ ಕೈ ಅಡ್ಡ ಹಿಡಿದ. ಕೌಂಟರಿನ ಮಾತನ್ನು ನುಂಗಿಕೊಂಡಿದ್ದ, ಇದನ್ನು ನುಂಗಲಾಗಲಿಲ್ಲ. ಒಳ್ಳೇ ಪೈಪು ಕಿತ್ತು ಕೆಟ್ಟದ್ದು ಹಾಕಿದ ಅಂದರೆ ಅವನು ದಡ್ಡನಲ್ಲ, ಕಳ್ಳ ಎಂದರ್ಥ.

"ಪ್ಲಾಸ್ಟಿಕ್ ಹಾಕಿದ್ದು ನಾನೇ," ಎಂದ. "ಶುರುವಿನಿಂದಲೂ ಅದೇ ಇತ್ತು. ಪುಸ್ತಕ ತೆಗೆದು ನೋಡಲಿಲ್ಲ, ಅದು ನನ್ನ ತಪ್ಪು. ಆ ಕೈ ಸುಟ್ಟಿದ್ದೂ ನನ್ನಿಂದಲೇ. ಆದರೆ ಮಾವ ಮೇಲೆ ಬರಲಿಲ್ಲ. ಬರೋಕೆ ಆಗಲ್ಲ ಅವನಿಗೆ. ಕಾಲು ಹೋಗಿದೆ."

 ಪ್ರೋಬರ್ಟ್ ಗದರಲಿಲ್ಲ. ಬನ್ನಿ ಟೆರಿ, ಮೇಲೆ ಹೋಗಿ ಸಿಲಿಂಡರ್ ಒಂದು ಸಲ ಒಟ್ಟಿಗೆ ನೋಡೋಣ ಎಂದಷ್ಟೇ ಹೇಳಿದ. ಟೆರಿ ಎದ್ದು ಮೆಟ್ಟಿಲ ಹತ್ತಿರ ಹೋದ. ಕಂಬಿ ಹಿಡಿದು ಬಲಗಾಲನ್ನು ಮೊದಲ ಮೆಟ್ಟಿಲ ಮೇಲಿಟ್ಟ. ಇನ್ನೊಂದು ಕಾಲು ನೆಲ ಬಿಡಲಿಲ್ಲ. ಪಾಲಿನ್ ಕಿಟಕಿಯ ಕಡೆ ತಿರುಗಿಕೊಂಡಳು. ಪ್ರೋಬರ್ಟ್, ಆಯ್ತು ಬಿಡಿ, ಕೂತ್ಕೊಳ್ಳಿ ಎಂದು ತಾನೇ ಕುರ್ಚಿ ಎಳೆದುಕೊಟ್ಟ. ಸದ್ಯಕ್ಕೆ ಕಾರ್ಡು ತಡೆಹಿಡಿಯಬೇಕಾಗುತ್ತದೆ ಎಂದು, ಕಾಯಿಲೆಯ ಸುದ್ದಿ ಹೇಳುವವನ ಹಾಗೆ, ತಗ್ಗಿದ ದನಿಯಲ್ಲಿ ತಿಳಿಸಿದ.

ಬೀದಿಗೆ ಬಂದಾಗ ಬೆಳಕು ಇಳಿಯುತ್ತಿತ್ತು. ನೇಥನ್ ಮಾವನ ಸಾಮಾನಿನ ಚೀಲವನ್ನು ವ್ಯಾನಿನ ಹಿಂದೆ ಇಟ್ಟ, ಉಳಿದ ಪೈಪಿನ ತುಂಡುಗಳನ್ನು ಕಟ್ಟಿ ಒಳಗೆ ತಳ್ಳಿದ, ಬಾಗಿಲು ಮುಚ್ಚಿದ. ಟೆರಿ ಬಾನೆಟ್ಟಿಗೆ ಒರಗಿ ನಿಂತಿದ್ದ. ಬೆಳಗಿನ ದನಿ ಅವನಲ್ಲಿರಲಿಲ್ಲ.

"ನನ್ನ ಕಾಲಿನ ವಿಷಯ ನಿನ್ನ ಅತ್ತೆಗೂ ಗೊತ್ತಿಲ್ಲ ಕಣೋ," ಎಂದ. "ನಿನಗೊಬ್ಬನಿಗೇ ಗೊತ್ತಿತ್ತು."

ನೇಥನ್ ಅವನ ಮುಖ ನೋಡಿದ.  ಕೋಟಿನ ಜಿಪ್ ಕತ್ತಿನವರೆಗೆ ಎಳೆದುಕೊಂಡು ಇಳಿಜಾರಿನ ಬೀದಿಯಲ್ಲಿ ನಡೆಯತೊಡಗಿದ. ಹಿಂದೆ ವ್ಯಾನ್ ಶುರುವಾದ ಸದ್ದು ಕೇಳಲಿಲ್ಲ. ಕೆಲಸ ಮುಗಿಸಿದವರು ಮನೆ ಸೇರುವ ಹೊತ್ತು. ಸಾಲುಮನೆಗಳಲ್ಲಿ ಒಂದಾದ ಮೇಲೆ ಒಂದು ಬಾಯ್ಲರ್ ಹೊತ್ತಿಕೊಂಡು, ಗೋಡೆಗೋಡೆಯಿಂದ ಬಿಳಿಯ ಹಬೆ ಹೊರಟು, ಬೀದಿಯ ಮೇಲೆ ಸ್ವಲ್ಪ ಹೊತ್ತು ತೇಲಿ, ಕರಗುತ್ತಿತ್ತು.