ಎಲೆಯ ತುದಿ ಎಡಕ್ಕೆ

ನಿಳಾ ಹೊಳೆಯ ದಡದ ಕುಂಬಾರಗೇರಿಯಲ್ಲಿ ಅಮ್ಮಿಣಿಯ ಕೈ ಎಷ್ಟು ಹೆಸರುವಾಸಿಯೋ ನಾಲಗೆಯೂ ಅಷ್ಟೇ. ಹಸಿ ತಟ್ಟೆಯ ಮೇಲೆ ಬಾಳೆಕಂದಿನ ಪುಟ್ಟ ಎಲೆ ಒತ್ತಿ, ಎಲೆ ಸಮೇತ ಆವಿಗೆಯ ಬೆಂಕಿಯಲ್ಲಿ ಸುಡುವುದು ಅವಳ ಪದ್ಧತಿ. ಎಲೆ ಬೂದಿಯಾಗಿ ನರನರದ ಅಚ್ಚೂ ತಟ್ಟೆಯಲ್ಲಿ ಉಳಿಯುತ್ತಿತ್ತು. ಬೆರಳ ಗಂಟುಗಳು ಬಾತುಕೊಂಡ ಮೇಲೆ ಇದೆಲ್ಲ ಸೊಸೆ ರೆಜನಿಯ ಕೆಲಸ. ಆ ಸುದ್ದಿ ಮಾತ್ರ ಹೊಸಿಲು ದಾಟಕೂಡದೆಂದು ಅತ್ತೆಯ ಕಟ್ಟಪ್ಪಣೆ.

ಮೇಲೇಪಾಟ್ಟು ದೊಡ್ಡಮನೆಯವರು ಮದುವೆಗೆ ತಟ್ಟೆ ಮಾಡಲು ಹೇಳಿದರು. "ಈ ಸಲ ನೀನೂ ಮೊದಲ ಪಂಕ್ತಿಯಲ್ಲೇ ಕೂತ್ಕೋಬೇಕು, ಅಮ್ಮಿಣಿ" ಎಂದಳು ಒಡತಿ ಸಾವಿತ್ರಿಯಮ್ಮ. ಅಮ್ಮಿಣಿಯ ತಾಯಿ ಅದೇ ಮನೆಯ ಹಿತ್ತಲಲ್ಲಿ ಗುಳಿ ತೋಡಿ, ಎಲೆ ಹಾಸಿ, ಗಂಜಿ ಕುಡಿದವಳು. ಆ ಪಂಕ್ತಿಯಲ್ಲಿ ಒಮ್ಮೆ ಕೂತೆದ್ದರೆ ಸಾಕು, ಸತ್ತರೂ ಚಿಂತೆಯಿಲ್ಲ ಎನಿಸಿತು ಅವಳಿಗೆ.

"ಎಲೆ ತುದಿ ಎಡಕ್ಕಿರ್ಲಿ. ಬಲಕ್ಕಿಟ್ರೆ ಅದು ಸತ್ತೋರ ಊಟ" ಎಂದು ಸೊಸೆಗೆ ಹೇಳಿದಳು.

"ಅಷ್ಟೂ ಗೊತ್ತಿಲ್ವಾ ಅಮ್ಮೇ ನಂಗೆ?"

"ಇಟ್ಟಿಗೆ ಕುಯ್ಯೋರ ಮನೆಯಿಂದ ಬಂದೋಳು, ನಿಂಗೇನು ಗೊತ್ತು!"

ತಟ್ಟೆಯ ಮೇಲಂಚಿನಲ್ಲಿ, ಉಣ್ಣುವವರಿಗೆ ದೂರದ ಕಡೆ, ಇಂಜಿಪುಳಿ ಎಂಬ ಶುಂಠಿಗೊಜ್ಜು ಹಾಕಲು ಒಂದು ಗುಳಿ. ಅದನ್ನು ತನ್ನ ಕಡೆಗಿಟ್ಟುಕೊಂಡು ಹೆಬ್ಬೆರಳಲ್ಲಿ ತಿದ್ದಿದ ರೆಜನಿ, ತಟ್ಟೆ ತಿರುಗಿಸದೆ ಹಾಗೇ ಎಲೆ ಒತ್ತಿದಳು. ಅವಳ ಕಣ್ಣಿಗೆ ತುದಿ ಎಡಕ್ಕೇ ಇತ್ತು. ಉಣ್ಣುವವರು ಆಚೆ ಕಡೆ ಕೂರುತ್ತಾರೆಂಬುದು ಹೊಳೆಯಲಿಲ್ಲ. ಮೊದಲ ಪಂಕ್ತಿಯ ಗುಂಗಿನಲ್ಲಿದ್ದ ಅತ್ತೆ, ಹುಲ್ಲಿನಲ್ಲಿ ಸುತ್ತಿದ ತಟ್ಟೆಗಳನ್ನು ಬಿಚ್ಚಿಯೂ ನೋಡಲಿಲ್ಲ.

ಮದುವೆಯ ದಿನ ಅಮ್ಮಿಣಿ ಗಂಜಿ ಹಾಕಿದ ಬಿಳಿ ಮುಂಡು ಉಟ್ಟು ಪಂಕ್ತಿಯಲ್ಲಿ ಕೂತಳು. ರೆಜನಿಗೆ ಕರೆಯೇ ಇರಲಿಲ್ಲ. ತಟ್ಟೆಗಳು ಬಂದವು. ವರನ ಅಜ್ಜಿ ತನ್ನ ತಟ್ಟೆ ನೋಡಿ ಕೈ ಹಿಂದಕ್ಕೆಳೆದಳು.

"ಯಾರ ತಿಥಿ ಕಣ್ರೇ ಇದು? ತುದಿ ಬಲಕ್ಕಿದೆಯಲ್ಲ!"

ಅಮ್ಮಿಣಿ ತನ್ನ ತಟ್ಟೆ ನೋಡಿಕೊಂಡಳು. ಅದರಲ್ಲೂ ಬಲಕ್ಕೇ ಇತ್ತು.

"ಇದು ನಿನ್ನ ಕೈಕೆಲಸವೇನೇ?" ಸಾವಿತ್ರಿಯಮ್ಮ ಎಲ್ಲರೆದುರು ಕೇಳಿದಳು.

ಸೊಸೆಯದು ಎಂದರೆ ಅಮ್ಮಿಣಿ ಪಾರಾಗುತ್ತಿದ್ದಳು. ಆದರೆ ಇಷ್ಟು ದಿನ ಊರು ಹೊಗಳಿದ ಕೈಯೂ ಸೊಸೆಯದೇ ಎಂದು ಒಪ್ಪಬೇಕಿತ್ತು. ಅದು ಬಾಯಿಗೆ ಬರಲಿಲ್ಲ.

"ನನ್ನದೇ ಅಮ್ಮಾ. ಕಣ್ಣು ಮಂಜು."

"ಹಾಗಾದ್ರೆ ಏಳು."

ಅನ್ನ ಬಡಿಸುವ ಮೊದಲೇ ಅಮ್ಮಿಣಿ ಎದ್ದಳು. ತಟ್ಟೆಗಳನ್ನು ಹಿತ್ತಲಿಗೆ ಎಸೆಯುವ ಸದ್ದು ಗದ್ದೆಯ ಬದುವಿನ ತನಕ ಕೇಳಿಸಿತು.

ಅವಳಿಗಿಂತ ಮೊದಲೇ ಸುದ್ದಿ ಮನೆ ಸೇರಿತ್ತು. ರೆಜನಿ ಗಂಜಿ ಬಡಿಸಿದಳು.

"ಹಾಳು ಮಾಡಿದ್ದು ನೀನು, ಹೊತ್ತುಕೊಂಡಿದ್ದು ನಾನು. ನಿನ್ನ ಹೆಸರೇ ಎತ್ತಲಿಲ್ಲ, ತಿಳ್ಕೋ" ಎಂದಳು ಅಮ್ಮಿಣಿ.

"ಅದೇ ಅಮ್ಮೇ. ಹೊಗಳಿದಾಗಂತೂ ಎತ್ತಲಿಲ್ಲ. ಉಗಿದಾಗಲಾದ್ರೂ ನನ್ನ ಹೆಸರು ಹೇಳಬಾರದಿತ್ತಾ?"