ಇಲ್ಲಿ ರಸ್ತೆ ಇದೆಯೆ

ಇದ್ದರೆ ಇದೆ ಅನ್ನಬೇಕು, ಇಲ್ಲದಿದ್ದರೆ ಇಲ್ಲ ಅನ್ನಬೇಕು. ಇಷ್ಟಕ್ಕೆ, ಹನ್ನೊಂದು ವರ್ಷ ಒಂದೇ ಕುರ್ಚಿ ಸವೆಸಿದ ಮನುಷ್ಯನನ್ನು ಈ ಬಿಸಿಲಿಗೆ ಅಟ್ಟಬೇಕೆ ಎಂದು ಅವನು ಆಫೀಸಿನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಕುದಿಯುತ್ತಿದ್ದ.

ಅಟ್ಟಿದವನು ಮ್ಯಾನೇಜರ. ವಯಸ್ಸು ಮೂವತ್ತೊಂದು. ನಕ್ಷೆಯ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಅದರಲ್ಲಿ ನೀರು ನೀಲಿ, ಮರ ಹಸಿರು ಎಂಬುದಷ್ಟೇ. ಅಂಥವನು ಬೆಳಿಗ್ಗೆ ಗಾಜಿನ ಕೋಣೆಗೆ ಕರೆದು, ಕೂರಿ ಎಂದೂ ಹೇಳದೆ ಶುರುಮಾಡಿದ್ದ.

"ನಕ್ಷೆಯಲ್ಲಿರೋ ರಸ್ತೆ ಅಲ್ಲಿ ಇಲ್ಲ ಅಂತ ಒಬ್ಬ ಹೆಂಗಸು ಕೊಟ್ಟ ದೂರು ಎರಡು ವರ್ಷದಿಂದ ಮುಚ್ಚಿಲ್ಲ ಸರ್. ನೀವೇ ಹೋಗಿ ನೋಡ್ಕೊಂಡು ಬಂದ್ಬಿಡಿ."

"ಬೇರೆ ಯಾರನ್ನಾದ್ರೂ ಕಳಿಸಿ."

"ಬೇರೆಯವರು ಬೇಡ." ಮ್ಯಾನೇಜರ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ಅದರಲ್ಲಿ ನಿಮ್ಮ ನಂಬರ್ ಇದೆ."

ನಕ್ಷೆಯಲ್ಲಿ ಜನ ನೋಡುವ ಪ್ರತಿಯೊಂದು ಗೆರೆಯ ಹಿಂದೆಯೂ ಒಂದು ನಂಬರು ಇರುತ್ತದೆ. ಜನಕ್ಕೆ ಅದು ಕಾಣುವುದಿಲ್ಲ. ಯಾರೋ ಪುಣ್ಯಾತ್ಮರು ಟೇಪು ಹಿಡಿದು ಬೀದಿ ಬೀದಿ ಅಳೆದು ಇದನ್ನೆಲ್ಲ ಬರೆದಿದ್ದಾರೆ ಎಂದೇ ಜನ ತಿಳಿದಿದ್ದಾರೆ. ತಿಳಿದುಕೊಂಡಿರಲಿ ಪಾಪ. ಉಪಗ್ರಹ ಮೇಲಿನಿಂದ ಚಿತ್ರ ತೆಗೆಯುತ್ತದೆ, ಯಂತ್ರ ಆ ಚಿತ್ರ ನೋಡಿ ಇಲ್ಲಿ ರಸ್ತೆ ಇರಬಹುದು ಎಂದು ಒಂದು ಗೆರೆ ಎಳೆಯುತ್ತದೆ, ಎಸಿ ಕೋಣೆಯಲ್ಲಿ ಸಾಲಾಗಿ ಕೂತ ನಲವತ್ತು ಜನ ಹೌದು ಅಥವಾ ಅಲ್ಲ ಎಂದು ಒತ್ತುತ್ತಾರೆ. ಒತ್ತಿದವನ ನಂಬರು ಆ ಗೆರೆಗೆ ಅಂಟಿಕೊಳ್ಳುತ್ತದೆ. ಅವನದು ೪೧೭.

ದಿನಕ್ಕೆ ಒಂಬೈನೂರು ಗೆರೆ. ಅವನಷ್ಟು ಚುರುಕಾಗಿ ಒತ್ತುವವರು ಆ ಸಾಲಿನಲ್ಲಿ ಇನ್ನೊಬ್ಬರಿರಲಿಲ್ಲ. ಹಾಸಿದ ಟಾರ್ಪಾಲಿಗೂ ಕೆರೆಗೂ, ಸ್ಮಶಾನಕ್ಕೂ ಕಾರು ನಿಲ್ಲಿಸುವ ಜಾಗಕ್ಕೂ ಇರುವ ವ್ಯತ್ಯಾಸವನ್ನು ಕಾಫಿ ಹೀರುತ್ತಲೇ ಹೇಳಿಬಿಡುತ್ತಿದ್ದ. ಹಿಂದಿನಿಂದ ಅವನನ್ನು ಎಲ್ಲರೂ ಹದ್ದು ಅನ್ನುತ್ತಿದ್ದರು. ಗೊತ್ತಿಲ್ಲದವನಂತೆ ಇರುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ. ನೆಲದ ಮೇಲೆ ಓಡಾಡುವವರು ತಮ್ಮ ಮೂಗಿನ ತುದಿಯಾಚೆ ಏನನ್ನೂ ಕಾಣದ ಮಂದಿ ಎಂಬುದು ಅವನ ಗಟ್ಟಿ ಅಭಿಪ್ರಾಯ.

ಹೊರಡುವ ಮುಂಚೆ ದೂರಿನ ಜಾಗದ, ಏಳು ವರ್ಷದ ಹಿಂದಿನ ಉಪಗ್ರಹ ಚಿತ್ರವನ್ನು ತೆಗೆದು ನೋಡಿದ್ದ. ಚಳಿಗಾಲದ ಬೆಳಗು. ಎರಡು ಬೀದಿಗಳ ನಡುವೆ, ಒಂದು ಸಾಲುಮನೆಗಳ ಹಿಂದೆ, ನೇರವಾದ ಕಪ್ಪು ಪಟ್ಟಿ. ರಸ್ತೆ ಇರಬಹುದು, ನೂರಕ್ಕೆ ಅರವತ್ತೊಂದು ಪಾಲು ಎಂದಿತ್ತು ಯಂತ್ರ. ೪೧೭ ಹೌದು ಎಂದಿದ್ದ. ತೆಗೆದುಕೊಂಡ ಸಮಯ ನಾಲ್ಕು ಸೆಕೆಂಡು.

ದೊಡ್ಡದು ಮಾಡಿದ. ಅದು ರಸ್ತೆಯಲ್ಲ, ನೆರಳು. ಪಕ್ಕದ ಕಾರ್ಖಾನೆಯ ಉದ್ದ ಗೋಡೆಯ ನೆರಳು. ಮಧ್ಯದಲ್ಲಿ ಒಂದು ಮನೆಯ ಹಿಂಭಾಗದ ಸೂರನ್ನು ಹತ್ತಿ, ಅಂಚಿನಲ್ಲಿ ಕೊಂಚ ಮುರಿದು, ಆಚೆ ಇಳಿದಿತ್ತು. ರಸ್ತೆ ಎಲ್ಲಾದರೂ ಸೂರು ಹತ್ತುತ್ತದೆಯೆ? ನಿನ್ನೆ ಕೆಲಸಕ್ಕೆ ಸೇರಿದವನಿಗೂ ತಿಳಿಯುತ್ತಿತ್ತು.

ತಟ್ಟನೆ ಚಿತ್ರ ಮುಚ್ಚಿ ಅಕ್ಕಪಕ್ಕ ನೋಡಿದ. ಪಕ್ಕದವನು ಕಿತ್ತಳೆ ಸುಲಿಯುತ್ತಿದ್ದ. ನಾಚಿಕೆಯಾಗಬೇಕಿತ್ತು, ಅವನಿಗೆ ಬಂದದ್ದು ಸಿಟ್ಟು. ಚಳಿಗಾಲದಲ್ಲಿ, ಅಷ್ಟು ಬೆಳಿಗ್ಗೆ, ಯಾವ ಮುಠ್ಠಾಳ ಚಿತ್ರ ತೆಗೆಯುತ್ತಾನೆ?

ಈಗ ಕಾರಿನಲ್ಲಿ ಡ್ರೈವರ ಫೋನಿನೊಳಗಿನ ಹೆಣ್ಣುದನಿ ಹೇಳಿದಂತೆ ತಿರುಗಿಸುತ್ತಿದ್ದ. ಡ್ರೈವರ ಹುಟ್ಟಿದ್ದು ಇದೇ ಊರಿನಲ್ಲಂತೆ. ಆಕೆ ಬಲಕ್ಕೆ ಎಂದರೆ ಬಲಕ್ಕೆ, ಎಡಕ್ಕೆ ಎಂದರೆ ಎಡಕ್ಕೆ. ಹೆಂಡತಿಯ ಮಾತನ್ನೂ ಇಷ್ಟು ಭಕ್ತಿಯಿಂದ ಕೇಳುತ್ತಾನೋ ಇಲ್ಲವೋ ಎಂದುಕೊಳ್ಳುವಷ್ಟರಲ್ಲಿ ತನ್ನ ಹೆಂಡತಿಯದೇ ಫೋನು ಬಂತು.

"ಎಲ್ಲಿದ್ದೀರಿ?"

"ನಿನ್ನ ಫೋನಲ್ಲಿ ನನ್ನ ಚುಕ್ಕಿ ಕಾಣ್ತಿದೆಯಲ್ಲ."

"ಕಾಣ್ತಿದೆ. ಊರಾಚೆ ಹೋಗ್ತಿದೆ."

"ಹಾಗಾದ್ರೆ ನಾನೂ ಊರಾಚೆ ಹೋಗ್ತಿದ್ದೀನಿ."

"ಸಂಜೆ ಅಕ್ಕನ ಮನೆಗೆ ಹೋಗೋಣ ಅಂದಿದ್ರಿ."

"ನೋಡೋಣ."

"ನೋಡೋಣ ಅಂದ್ರೆ ಇಲ್ಲ ಅಂತ ತಾನೆ?"

ಆಕೆಯೇ ಫೋನಿಟ್ಟಳು. ಮದುವೆಯಾದ ಹೊಸದರಲ್ಲಿ ಎಲ್ಲಿದ್ದೀರಿ ಎಂದು ಕೇಳಿದರೆ ಏನೋ ಒಂದು ಕಥೆ ಕಟ್ಟಿ ನಗಿಸುತ್ತಿದ್ದ. ಈಗ ಚುಕ್ಕಿಯೇ ಎಲ್ಲ ಹೇಳಿಬಿಡುವುದರಿಂದ ಇಬ್ಬರಿಗೂ ಮಾತಾಡುವ ತಾಪತ್ರಯ ತಪ್ಪಿತ್ತು.

"ಬಂತು ಸರ್," ಎಂದ ಡ್ರೈವರ. "ಇದೇ ರಸ್ತೆ."

ಅವನು ಕತ್ತು ಚಾಚಿ ನೋಡಿದ. ರಸ್ತೆ ಇತ್ತು.

ಡಾಂಬರು ಹಾಕಿದ, ಎರಡು ವಾಹನ ಕಷ್ಟಪಟ್ಟು ಹಾಯಬಹುದಾದ, ಆ ತುದಿಯಿಂದ ಈ ತುದಿಗೆ ನೇರವಾದ ರಸ್ತೆ. ಸಾಮಾನು ತುಂಬಿದ ವ್ಯಾನೊಂದು ಹೋಯಿತು, ಅದರ ಹಿಂದೆ ಎರಡು ಬೈಕು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅವನು ಒಬ್ಬನೇ ನಕ್ಕ. ನೆರಳಂತೆ ನೆರಳು. ಹದ್ದಿನ ಕಣ್ಣು ಎಂದು ಸುಮ್ಮನೆ ಅನ್ನುತ್ತಾರೆಯೆ? ಎರಡು ವರ್ಷದಿಂದ ರಸ್ತೆ ಇಲ್ಲ, ರಸ್ತೆ ಇಲ್ಲ ಎಂದು ಬೊಬ್ಬೆ ಹೊಡೆದ ಆ ಮಹಾತಾಯಿಗೆ ಕಣ್ಣೇ ಇಲ್ಲವೆಂದು ಕಾಣುತ್ತದೆ. ಡ್ರೈವರನಿಗೆ ಆಚೆ ತುದಿಯ ನೆರಳಲ್ಲಿ ಕಾಯಲು ಹೇಳಿ ಇಳಿದ.

ರಸ್ತೆಯ ಮಧ್ಯಭಾಗದಲ್ಲಿ, ಎಡಗಡೆಯ ಗೋಡೆಗೆ ಎದೆಯೆತ್ತರದವರೆಗೆ ಬಿಳಿ ಟೈಲ್ಸು ಅಂಟಿಸಿತ್ತು. ರಸ್ತೆಬದಿಯ ಗೋಡೆಗೆ ಟೈಲ್ಸು ಯಾಕೆ ಎಂದು ಅವನಿಗೆ ಹೊಳೆಯಲಿಲ್ಲ. ಮೇಲೊಂದು ಕಡಪಾ ಕಲ್ಲಿನ ಗೂಡು, ಅದರ ತಳಕ್ಕೆ ಹೊಗೆಯ ಕರಿ. ಬಟ್ಟೆ ತುರುಕಿ ಮುಚ್ಚಿದ ಒಂದು ಪೈಪು. ಪಕ್ಕದಲ್ಲಿ ಬಾಗಿಲಿರಬೇಕಾದ ಕಡೆ ಒಂದು ಹೂವಿನ ಚಿತ್ತಾರದ ಹೊದಿಕೆ ಇಳಿಬಿಟ್ಟಿತ್ತು. ಅದನ್ನು ಸರಿಸಿ ಹೆಂಗಸೊಬ್ಬಳು ಹೊರಬಂದಳು. ಕೊರಳಲ್ಲಿ ಅಳತೆಯ ಟೇಪು, ಸೆರಗಿಗೆ ಚುಚ್ಚಿದ ಸೂಜಿ. ಬಟ್ಟೆ ಹೊಲಿಯುವವಳು.

"ನಕ್ಷೆಯೋರಾ?"

"ಹೌದು."

"ಬರೋಕೆ ಎರಡು ವರ್ಷ ಬೇಕಾಯ್ತು."

"ರಸ್ತೆ ಇಲ್ಲ ಅಂತ ದೂರು ಕೊಟ್ಟೋರು ನೀವೇನಾ?" ಅವನು ಕಾಲಿನಿಂದ ಡಾಂಬರನ್ನು ಮೆಲ್ಲಗೆ ತಟ್ಟಿದ. "ರಸ್ತೆ ಇದೆಯಲ್ಲಮ್ಮ."

"ನೀವು ನಿಂತಿರೋದು ನಮ್ಮ ಅಡುಗೆಮನೇಲಿ," ಎಂದಳು ಆಕೆ.

ಆಕೆ ಅಳಲಿಲ್ಲ, ಕೂಗಾಡಲಿಲ್ಲ. ಹತ್ತು ಕಡೆ ಹೇಳಿ ಹೇಳಿ ಬಾಯಿಪಾಠವಾಗಿದ್ದನ್ನು ಒಪ್ಪಿಸಿದಳು. ಮೊದಲು ಒಂದು ವ್ಯಾನು ಬಂದು ಅಡುಗೆಮನೆಯ ಹಿಂದಿನ ಗೋಡೆಗೆ ಹಾರ್ನ್ ಹೊಡೆಯಿತು. ಫೋನಲ್ಲಿ ರಸ್ತೆ ತೋರಿಸ್ತಿದೆ ಎಂದ ಅದನ್ನು ಓಡಿಸುತ್ತಿದ್ದವನು. ಇಬ್ಬರೂ ನಕ್ಕರು, ಆಕೆ ನೀರು ಕೊಟ್ಟು ಕಳಿಸಿದಳು. ಆಮೇಲೆ ದಿನಕ್ಕೆ ಹತ್ತು, ಇಪ್ಪತ್ತು. ನುಗ್ಗುವುದು, ಬೈಯುವುದು, ಹಿಂದಕ್ಕೆ ತೆಗೆಯುವಾಗ ಗೋಡೆ ಕೆರೆಯುವುದು. ಆಗಲೇ ಆಕೆ ದೂರು ಕೊಟ್ಟದ್ದು. ಅವರಲ್ಲೇ ಯಾರೋ ನಗರಸಭೆಗೆ ಬರೆದರು, ರಸ್ತೆಗೆ ಅಡ್ಡ ಮನೆ ಕಟ್ಟಿದ್ದಾರೆ ಎಂದು. ಇಂಜಿನಿಯರು ಬಂದ. ಅವನ ಕೈಯಲ್ಲೂ ಅದೇ ಫೋನು.

"ನಾನು ಮನೆ ಪತ್ರ ತೋರಿಸ್ದೆ. ಅವರು ನಕ್ಷೆ ತೋರಿಸಿದ್ರು. ನಕ್ಷೇಲಿ ಇರೋ ರಸ್ತೆ ಮೇಲೆ ನೀವು ಕಟ್ಕೊಂಡಿದ್ದೀರ ಅಂದ್ರು. ಬೆಳಿಗ್ಗೆ ಹತ್ತಕ್ಕೆ ಗೋಡೆ ಕೆಡವೋ ಯಂತ್ರ ಬಂತು. ಹನ್ನೆರಡಕ್ಕೆಲ್ಲ ಮುಗೀತು. ಆಮೇಲೆ ಡಾಂಬರು ಹಾಕಿದ್ರು."

ಅವನು ಫೋನು ತೆಗೆದು ಸುಮ್ಮನೆ ನೋಡಿಕೊಂಡ.

"ಈಗ ಅಗಲ ಮಾಡ್ತಾರಂತೆ. ಉಳಿದಿರೋ ಒಂದು ಕೋಣೇನೂ ಹೋಗುತ್ತೆ. ನಾಳೆ ಹನ್ನೊಂದಕ್ಕೆ ವಿಚಾರಣೆ. ವಕೀಲರು ಹೇಳಿದಾರೆ, ನಿಮ್ಮ ಆಫೀಸಿಂದ ಒಂದೇ ಒಂದು ಸಾಲು ಸಾಕು ಅಂತ. ಗೆರೆ ಎಳೆದಾಗ ಇಲ್ಲಿ ರಸ್ತೆ ಇರ್ಲಿಲ್ಲ, ತಪ್ಪಾಗಿ ಎಳೆದ್ವಿ. ಅಷ್ಟೇ."

"ಹಳೇ ಚಿತ್ರ ನೋಡ್ಬೇಕಾಗುತ್ತೆ."

"ನೋಡಿ."

"ಅದಕ್ಕೆ ಬೇರೆ ವಿಭಾಗ ಇದೆ."

ಬೇರೆ ವಿಭಾಗ ಇರಲಿಲ್ಲ. ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ಆಕೆ ಹೊದಿಕೆ ಸರಿಸಿ, ಬಿಸಿಲಲ್ಲಿ ಯಾಕೆ, ಒಳಗೆ ಬನ್ನಿ ಎಂದಳು. ಬೇಡವೆನ್ನಲು ನೆವ ಹುಡುಕುವಷ್ಟರಲ್ಲಿ ಒಳಗಿದ್ದ.

ಒಂದೇ ಕೋಣೆ. ಕಿಟಕಿಯ ಬಳಿ ಹೊಲಿಗೆ ಯಂತ್ರ, ಅದರ ಪಕ್ಕದಲ್ಲೇ ನೆಲದ ಮೇಲೆ ಒಲೆ, ಒಲೆಯಿಂದ ಎರಡಡಿ ಆಚೆ ಮಂಚ. ಮಂಚದ ಮೇಲೆ ಒಬ್ಬ ಮುದುಕರು ಗೋಡೆಯ ಕಡೆ ಮುಖಮಾಡಿ ಮಲಗಿದ್ದರು. ಒಗ್ಗರಣೆಯೂ ಮುಲಾಮೂ ಕೂಡಿದ ವಾಸನೆ. ಅವನು ಹೊದಿಕೆಯ ಬಳಿಯೇ ನಿಂತ. ಇಂಥ ಕೋಣೆಗಳಿರುತ್ತವೆ ಎಂದು ಗೊತ್ತಿತ್ತು. ಮೇಲಿನಿಂದ ಅವು ಬೂದುಬಣ್ಣದ ಚೌಕಗಳು.

"ಯಾರಮ್ಮ?" ಎಂದರು ಮುದುಕರು, ತಿರುಗದೆ.

"ನಕ್ಷೆಯೋರು ಮಾವ."

"ಗೆರೆ ಎಳೆದೋರಾ?"

"ಅಲ್ಲ ಮಾವ. ನೋಡ್ಕೊಂಡು ಹೋಗೋಕೆ ಬಂದೋರು. ಪಾಪ, ಇವರೇನು ಮಾಡ್ತಾರೆ?"

ಅಲ್ಲ ಎಂದದ್ದು ಆಕೆ. ಅವನು ತಿದ್ದಲಿಲ್ಲ. ಆ 'ಪಾಪ' ಮಾತ್ರ ಕಪಾಳಕ್ಕೆ ಬಿಟ್ಟಂತಾಯಿತು. ಈ ದರ್ಜಿ ಹೆಂಗಸಿನಿಂದ ಪಾಪ ಅನ್ನಿಸಿಕೊಳ್ಳುವ ಗತಿ ಬಂತಲ್ಲ.

"ಎಳೆದೋರು ಯಾರು ಅಂತ ಗೊತ್ತಾಗುತ್ತಾ ಸರ್?" ಎಂದಳು ಆಕೆ.

"ಯಂತ್ರ ಎಳೆಯುತ್ತೆ."

"ಯಂತ್ರ ಎಳೆದ್ರೂ ಯಾರಾದ್ರೂ ನೋಡಿರ್ತಾರಲ್ಲ."

"ತುಂಬಾ ಜನ ಇರ್ತಾರೆ. ಹೇಳೋಕಾಗಲ್ಲ."

"ಒಬ್ರು ಸರಿಯಾಗಿ ನೋಡಿದ್ರೂ ಸಾಕಾಗಿತ್ತು," ಎಂದಳು.

"ನಾನು ಹೊರಗೆ ನಿಂತು ಬರೀತೀನಿ," ಎಂದು ಅವನು ಹೊರಬಿದ್ದ.

ಹೊರಗೆ ಫೋನಿನಲ್ಲಿ ದೂರಿನ ಹಾಳೆ ತೆರೆದ. *ಇಲ್ಲಿ ರಸ್ತೆ ಇದೆಯೆ?* ಕೆಳಗೆ ಎರಡು ಗುಂಡಿ: ಇದೆ, ಇಲ್ಲ. ಅದರ ಕೆಳಗೆ ಷರಾ ಬರೆಯಲು ನೂರು ಅಕ್ಷರದ ಡಬ್ಬಿ. ಯಾವಾಗಿನಿಂದ ಇದೆ, ಯಾಕೆ ಇದೆ ಎಂದು ಯಾರೂ ಕೇಳಿರಲಿಲ್ಲ. ಡಬ್ಬಿಯಲ್ಲಿ 'ಮೊದಲು ಇಲ್ಲಿ' ಎಂದು ಟೈಪು ಮಾಡಿದ. ಅಳಿಸಿದ. ಆ ತುದಿಯವರೆಗೆ ನಡೆದ, ತಿರುಗಿ ಈ ತುದಿಗೆ ಬಂದ.

ಒಂದು ಸಾಲು ತಾನೆ, ಬರೆದರೆ ಏನು ಗಂಟು ಹೋಗುತ್ತದೆ? ಹೋಗುತ್ತದೆ. ೪೧೭ ನೆರಳನ್ನು ರಸ್ತೆ ಎಂದ ಎಂದಾಗುತ್ತದೆ. ಆಗ ಮ್ಯಾನೇಜರ ಆ ಬೆಳಗಿನ ಉಳಿದ ಚಿತ್ರಗಳನ್ನೂ ತೆಗೆಸುತ್ತಾನೆ. ಅದೇ ಇಳಿಬಿಸಿಲು, ಅದೇ ಉದ್ದ ನೆರಳು, ಅದೇ ನಾಲ್ಕು ಸೆಕೆಂಡು. ಆ ಒಂದು ದಿನಕ್ಕೇ ಒಂಬೈನೂರು ಗೆರೆ. ಅಂಥ ಚಳಿಗಾಲಗಳು ಎಷ್ಟು? ಒಮ್ಮೆಲೇ ಅವನಿಗೆ ಕಾಣದ ಊರುಗಳ ಅಡುಗೆಮನೆಗಳೆಲ್ಲ ನೆನಪಾದವು. ಎಂದೂ ನೋಡದೆ ಇದ್ದದ್ದು ನೆನಪಾಗುವುದು ಹೇಗೆ ಎಂದು ತನ್ನನ್ನೇ ಗದರಿಕೊಂಡ. ಭಯವಾಗುತ್ತಿತ್ತು, ಅಷ್ಟೇ ವಿಷಯ. ಆಕೆಯ ಕೋಣೆಯ ಬಗ್ಗೆ ಅಲ್ಲ, ತನ್ನ ಕುರ್ಚಿಯ ಬಗ್ಗೆ. ಎಷ್ಟು ಸಣ್ಣವನು ತಾನು ಎಂದು ಹೇಸಿಗೆಯಾಯಿತು. ಹೇಸಿಗೆಯಾದದ್ದರಿಂದ ತಾನು ಉಳಿದವರಿಗಿಂತ ವಾಸಿ ಎಂದೂ ಅನ್ನಿಸಿತು. ಮತ್ತೆ ಆ ತುದಿಗೆ ನಡೆದ, ಮತ್ತೆ ಈ ತುದಿಗೆ ಬಂದ.

ಬರೆದೇಬಿಡೋಣ ಎಂದು ಡಬ್ಬಿಗೆ ಬೆರಳಿಡುವಷ್ಟರಲ್ಲಿ ಫೋನು ಕೈಯಲ್ಲಿ ಗುಂಯ್ ಎಂದಿತು.

*ನಡೆದು ದೃಢಪಡಿಸಲಾಗಿದೆ. ರಸ್ತೆ ಇದೆ. ದೂರು ಮುಕ್ತಾಯ. ೪೧೭.*

ಅವನಿಗೆ ಅರ್ಥವಾಗಲು ಚೂರೂ ಹೊತ್ತು ಹಿಡಿಯಲಿಲ್ಲ. ಪರಿಶೀಲಿಸಲು ಹೋದವನು ಫೋನು ಹಿಡಿದು ರಸ್ತೆಯ ಉದ್ದಕ್ಕೂ ಎರಡು ಸಲ ಓಡಾಡಿದನೆಂದರೆ ರಸ್ತೆ ಇದೆ ಎಂದೇ ಫೋನಿನ ಲೆಕ್ಕ; ಗುಂಡಿ ಒತ್ತುವ ಸಮಯವಾದರೂ ಉಳಿಯಲಿ. ಹೋದ ವರ್ಷದ ಮೀಟಿಂಗಿನಲ್ಲಿ ಈ ಉಪಾಯ ಹೇಳಿಕೊಟ್ಟವನು ಅವನೇ. ಚಪ್ಪಾಳೆ ಬಿದ್ದಿತ್ತು.

ದೂರನ್ನು ಮತ್ತೆ ತೆರೆಸಬಹುದಿತ್ತು. ಕಾರಣ ಕೊಡಬೇಕಿತ್ತು. ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ತಾನು ಏನೂ ಮಾಡಲಿಲ್ಲ, ಸುಮ್ಮನೆ ನಡೆದೆ ಎಂದು ಸಮಾಧಾನವೂ ಆಯಿತು.

ಮನೆಯ ಮುಂದಕ್ಕೆ ಬಂದಾಗ ಆಕೆ ಹೊದಿಕೆಯ ಅಂಚು ಹಿಡಿದು ನಿಂತಿದ್ದಳು. "ಬರೆದ್ರಾ ಸರ್?"

"ಆಯ್ತು."

"ಇರ್ಲಿಲ್ಲ ಅಂತಾನೇ?"

"ಮೇಲಿನವರು ನೋಡ್ತಾರೆ. ಕಳಿಸ್ತಾರೆ."

"ನಾಳೆ ಹನ್ನೊಂದರೊಳಗೆ?"

"ಹ್ಞೂಂ."

ಆಕೆಯ ಮುಖ ಅರಳಿತು. ಎರಡು ವರ್ಷದಲ್ಲಿ ಮೊದಲ ಸಲ ಇರಬೇಕು, ಅರಳುವುದನ್ನೇ ಮರೆತ ಮುಖದಂತೆ ಅಳುಕುತ್ತಾ ಅರಳಿತು. "ದೊಡ್ಡ ಉಪಕಾರ ಆಯ್ತು ಸರ್," ಎಂದು ಕೈ ಮುಗಿದಳು. ಒಳಗೆ ತಿರುಗಿ, "ಮಾವ, ಬರೆದ್ರಂತೆ," ಎಂದಳು.

ಅವನಿಗೆ ಅಲ್ಲಿಂದ ಓಡಿದರೆ ಸಾಕಾಗಿತ್ತು. ಕಾರು ಆಚೆ ತುದಿಯಲ್ಲಿತ್ತು. ಸುತ್ತಿ ಹೋಗಲು ಬೇರೆ ದಾರಿ ಅವನಿಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿ ಟೈಲ್ಸಿನ ಗೋಡೆಯ ಪಕ್ಕ ಹೆಜ್ಜೆ ಹಾಕಿದ. ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಎರಡೂ ಕಡೆಯಿಂದ ಒಟ್ಟಿಗೆ ವಾಹನ ನುಗ್ಗಿದವು. ಅವನು ಗೋಡೆಗೆ ಬೆನ್ನು ಕೊಟ್ಟು, ಕಡಪಾ ಕಲ್ಲಿನ ಗೂಡಿನ ಕೆಳಗೆ ತಲೆ ಬಗ್ಗಿಸಿ ನಿಂತ. ಒಂದು ವ್ಯಾನು ಹೋಯಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ಒಳಗೆ ಕೂತವರೆಲ್ಲ ಫೋನು ನೋಡುತ್ತಿದ್ದರು. ವ್ಯಾನಿನ ಕನ್ನಡಿಯೊಂದು ಅಂಗಿಯನ್ನು ಸವರಿಕೊಂಡು ಹೋಯಿತು.

"ಅಲ್ಲಿ ನಿಲ್ಲಬೇಡಿ ಸರ್," ಎಂದು ಆಕೆ ಹೊದಿಕೆಯ ಹಿಂದಿನಿಂದ ಕರೆದಳು. "ಒಳಗೆ ಬನ್ನಿ."

ಮೊದಲು ಒಲೆಯಿದ್ದ ಆ ಜಾಗದಲ್ಲಿ ಅವನು ಹೊಟ್ಟೆ ಒಳಗೆಳೆದುಕೊಂಡು, ಎರಡೂ ಅಂಗೈಗಳನ್ನು ತಣ್ಣನೆಯ ಟೈಲ್ಸಿಗೆ ಒತ್ತಿ ನಿಂತೇ ಇದ್ದ. ವಾಹನಗಳು ಬರುತ್ತಲೇ ಇದ್ದವು.